ಯಾವಾಗ ಹೇಳಿದ?

ಬಿ.ಎ. ಎರಡನೇ ವರ್ಷದಲ್ಲಿ ಫಿಲಾಸಫಿಯ ಒಂದು ಟೆಸ್ಟ್ ಇತ್ತು. ಹಳೇ ಗ್ರೀಸಿನ ತತ್ತ್ವಜ್ಞಾನಿ ಸಾಕ್ರಟೀಸ್ ಬಗ್ಗೆ ಪ್ರಶ್ನೆ. "ಪರೀಕ್ಷೆಗೆ ಒಡ್ಡದ ಬದುಕು ಮನುಷ್ಯ ಬಾಳಲು ತಕ್ಕದ್ದಲ್ಲ" ಅಂತ ದೊಡ್ಡ ಅಕ್ಷರದಲ್ಲಿ ಬರೆದು, ಕೆಳಗೆ ಗೆರೆ ಎಳೆದಿದ್ದೆ. ಪೇಪರ್ ವಾಪಸ್ ಬಂದಾಗ ಆ ಸಾಲಿನ ಪಕ್ಕ ಮೇಷ್ಟ್ರು ಕೆಂಪು ಇಂಕಿನಲ್ಲಿ ಬರೆದಿದ್ದರು: "ಯಾವಾಗ ಹೇಳಿದ?"

ನನಗೆ ಗೊತ್ತಿರಲಿಲ್ಲ. ಮರದ ಕೆಳಗೆ ಶಿಷ್ಯರನ್ನು ಕೂರಿಸಿಕೊಂಡು ಹೇಳಿರಬೇಕು ಅಂದುಕೊಂಡಿದ್ದೆ. ಅವತ್ತು ಸಂಜೆ ಲೈಬ್ರರಿಯಲ್ಲಿ ಅವನ ಶಿಷ್ಯ ಪ್ಲೇಟೋ ಬರೆದ 'ಅಪಾಲಜಿ' ಪುಸ್ತಕ ಹುಡುಕಿ ಕೂತೆ. ಅದರಲ್ಲಿದ್ದದ್ದು ಕೋರ್ಟು! ಕ್ರಿ.ಪೂ. 399, ಅಥೆನ್ಸ್. ಸಾಕ್ರಟೀಸ್‌ಗೆ 70 ವರ್ಷ. ಊರಿನ ದೇವರುಗಳನ್ನು ಒಪ್ಪುವುದಿಲ್ಲ, ಹುಡುಗರನ್ನು ಕೆಡಿಸುತ್ತಾನೆ ಅಂತ ಆರೋಪ. ತೀರ್ಪು ಕೊಡಲು ಸುಮಾರು 500 ಜನ ಕೂತಿದ್ದರು. 30 ಮತ ಆಚೀಚೆ ಆಗಿದ್ದರೆ ಬಿಡುಗಡೆ ಆಗುತ್ತಿತ್ತು ಅಂತ ಅವನೇ ಹೇಳುತ್ತಾನೆ. ಆಗಲಿಲ್ಲ.

ಆ ಮಾತು ಬರುವುದು ಇದಾದ ಮೇಲೆ. ಅಂದರೆ ತಪ್ಪಿತಸ್ಥ ಅಂತ ತೀರ್ಮಾನವಾಗಿದೆ, ಎದುರು ಪಕ್ಷದವರು ಸಾವು ಕೇಳಿದ್ದಾರೆ, ಈಗ ಅವನು ತನಗೆ ಬೇರೆ ಯಾವ ಶಿಕ್ಷೆ ಸಾಕು ಅಂತ ತಾನೇ ಹೇಳಬೇಕು, ಎರಡರಲ್ಲಿ ಒಂದನ್ನು ಸಭೆ ಆರಿಸುತ್ತದೆ. ಊರು ಬಿಟ್ಟು ಹೋಗಿ ಸುಮ್ನೆ ಇದ್ದುಬಿಡಬಾರದಾ ಅಂತ ಯಾರಾದರೂ ಕೇಳಬಹುದು ಅನ್ನುತ್ತಾನೆ. ಅದಕ್ಕೆ ಅವನ ಉತ್ತರವೇ ಈ ಸಾಲು. ಸುಮ್ಮನಿರುವುದು ಮಾತ್ರ ಆಗದು ಅಂತ.

ನಾನು ಗೆರೆ ಎಳೆದ ಸಾಲು ಸುಭಾಷಿತ ಆಗಿರಲೇ ಇಲ್ಲ. ಒಬ್ಬ ಮನುಷ್ಯ ಜೀವ ಉಳಿಸಿಕೊಳ್ಳುವ ದಾರಿಯನ್ನು ಬಿಟ್ಟುಕೊಟ್ಟ ಸಾಲು ಅದು.

ಮರುದಿನ ಮೇಷ್ಟ್ರ ಹತ್ತಿರ ಹೋಗಿ ಇದನ್ನೆಲ್ಲ ಹೇಳಿದೆ. ಕೇಳಿಸಿಕೊಂಡು, "ಅದರ ಹಿಂದಿನ ಸಾಲು ಓದಿದ್ಯಾ?" ಅಂದರು. ಮತ್ತೆ ಓದಿದೆ. ನನ್ನನ್ನೂ ಇತರರನ್ನೂ ಪರೀಕ್ಷಿಸುವುದು ಅಂತ ಇದೆ ಅಲ್ಲಿ. ಇತರರನ್ನೂ! ಆತ್ಮಪರೀಕ್ಷೆ ಅಂದರೆ ಕಣ್ಣು ಮುಚ್ಚಿ ಒಬ್ಬರೇ ಕೂರುವುದು ಅಂದುಕೊಂಡಿದ್ದವಳು ನಾನು. ಸಾಕ್ರಟೀಸ್ ಅದನ್ನು ಸಂತೆಬೀದಿಯಲ್ಲಿ ಮಾಡಿದ. ರಾಜಕಾರಣಿ, ಕವಿ, ಕುಶಲಕರ್ಮಿ ಎಲ್ಲರನ್ನೂ ಕೇಳಿದ. ಪ್ಲೇಟೋನ ಇನ್ನೊಂದು ಸಂವಾದದಲ್ಲಿ ನಿಕಿಯಸ್ ಅನ್ನುವ ಸೇನಾಪತಿ ಹೇಳುತ್ತಾನೆ, ಇವನ ಜೊತೆ ಯಾವ ವಿಷಯದಿಂದ ಮಾತು ಶುರುವಾದರೂ ಕೊನೆಗೆ ನೀನು ಹೇಗೆ ಬದುಕುತ್ತಿದ್ದೀಯ ಅನ್ನುವುದಕ್ಕೆ ಲೆಕ್ಕ ಕೊಡಬೇಕಾಗುತ್ತದೆ ಅಂತ. ನಮಗೆ ನಮ್ಮ ತಪ್ಪು ಕಾಣುವುದು ಕಷ್ಟ ಅಲ್ವಾ, ಅದಕ್ಕೇ ಕೇಳುವ ಇನ್ನೊಬ್ಬರು ಬೇಕು. ಇದು ಈಗಲೂ ನನ್ನ ನಂಬಿಕೆ.

ಮೇಷ್ಟ್ರ ಬಗ್ಗೆ ನನಗೆ ಜಾಸ್ತಿ ನೆನಪಿರುವುದು ಇನ್ನೊಂದು ದಿನ. ಕ್ಲಾಸಿಗೆ ಬಂದವರು ಹಾಜರಿಯನ್ನೂ ಕರೆಯಲಿಲ್ಲ. "ನಿನ್ನನ್ನು ನೀನು ಅರಿ ಅನ್ನುವುದು ಸಾಕ್ರಟೀಸ್‌ನ ಮಾತು ಅಂತ ಹೋದ ತಿಂಗಳು ನಾನು ನೋಟ್ಸ್ ಕೊಟ್ಟಿದ್ದೆ. ತಪ್ಪು. ಅದು ಗ್ರೀಸಿನ ಡೆಲ್ಫಿಯಲ್ಲಿ ಅಪೊಲೊ ದೇವರ ಗುಡಿಯಲ್ಲಿ ಬರೆದಿದ್ದ ಮಾತು, ಅವನಿಗಿಂತ ಹಳೆಯದು. ಇಷ್ಟು ವರ್ಷ ಹೀಗೇ ಪಾಠ ಮಾಡಿದೀನಿ, ನೀವು ಒಬ್ಬರೂ ಯಾಕೆ ಕೇಳಲಿಲ್ಲ?" ಅಂದರು. ಆಮೇಲೆ ನಾವೆಲ್ಲ ನೋಟ್‌ಬುಕ್ ತೆಗೆದು ಆ ಸಾಲು ಹೊಡೆದುಹಾಕುವವರೆಗೂ ಬಾಗಿಲ ಹತ್ತಿರವೇ ನಿಂತಿದ್ದರು.