ಕಾರವಾರದ ಮಾಜಿ ಸೈನಿಕರ ಮಾತು ದಾಖಲಿಸುವವರಿಗೆ

ಕಾರವಾರದಲ್ಲಿ ಇತಿಹಾಸ ಓದುವವರು ಯುದ್ಧದ ವಿಷಯ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಟಾಗೋರ್ ಕಡಲತೀರದಲ್ಲಿ ಹಳೆಯ ಯುದ್ಧನೌಕೆ ಐಎನ್‌ಎಸ್ ಚಪಲ್ ಇದೆ, ಅಲ್ಲೇ ಪರಮವೀರ ಚಕ್ರ ಪಡೆದ ಚೆಂಡಿಯಾದ ಮೇಜರ್ ರಾಮ ರಾಘೋಬ ರಾಣೆಯವರ ಪ್ರತಿಮೆ ಇದೆ, ತುಸು ದಕ್ಷಿಣಕ್ಕೆ ನೌಕಾನೆಲೆ, ಕಡಲಲ್ಲಿ ಅಂಜುದೀವ್ ದ್ವೀಪ. ಮಾಜಾಳಿಯಿಂದ ಅಂಕೋಲೆಯವರೆಗೆ ಮಿಲಿಟ್ರಿಯಿಂದ ನಿವೃತ್ತರಾದವರ ಮನೆಗಳಿವೆ. ಊರವರು ಅವರನ್ನು ಇಂದಿಗೂ ಹುದ್ದೆಯಿಂದಲೇ ಕರೆಯುತ್ತಾರೆ, ಸುಬೇದಾರ್ರು, ಹವಾಲ್ದಾರ್ರು ಎಂದು. ಎಂ.ಎ. ಪ್ರಬಂಧಕ್ಕೆ ವಿಷಯ ಹುಡುಕುತ್ತಿರುವ ಗೆಳೆಯರಿಗೆ ನಾನು ಹೇಳುವುದು ಇಷ್ಟೇ: ಈ ಮನೆಗಳಿಗೆ ಹೋಗಿ, ಬೇಗ ಹೋಗಿ. 1965ರ ಪಾಕಿಸ್ತಾನ ಯುದ್ಧದಲ್ಲಿ ಇಪ್ಪತ್ತರ ಹುಡುಗರಾಗಿದ್ದವರು ಈಗ ಎಂಬತ್ತು ದಾಟಿದ್ದಾರೆ. 1971ರವರೂ ಎಪ್ಪತ್ತು ದಾಟಿದವರೇ.

ಹೋಗುವ ಮೊದಲು ತಾರೀಕು ಗಟ್ಟಿ ಮಾಡಿಕೊಳ್ಳಬೇಕು. ಚಪಲ್ ಹಡಗನ್ನೇ ನೋಡಿ. 1971ರಲ್ಲಿ ಕರಾಚಿಯ ಮೇಲೆ ದಾಳಿ ಮಾಡಿದ ಹಡಗು ಇದೇ ಎಂದು ಎಷ್ಟೋ ಜನ ನಂಬಿದ್ದಾರೆ. ಚಪಲ್ ನೌಕಾಪಡೆಗೆ ಸೇರಿದ್ದೇ 1976ರಲ್ಲಿ. 1971ರ ಡಿಸೆಂಬರ್ 4ರ ರಾತ್ರಿ ಕರಾಚಿಯತ್ತ ಹೋದ ಕ್ಷಿಪಣಿ ದೋಣಿಗಳು ನಿಪಾತ್, ನಿರ್ಘಾತ್ ಮತ್ತು ವೀರ್. ಎರಡನೆಯ ದಾಳಿ ಮಾಡಿದ್ದು ವಿನಾಶ್. ಅವೆಲ್ಲ ಇದೇ ಮಾದರಿಯ ಹಿಂದಿನ ದೋಣಿಗಳಾದ್ದರಿಂದ ಕತೆ ಚಪಲ್‌ಗೆ ಅಂಟಿಕೊಂಡಿತು. ಮನುಷ್ಯರ ನೆನಪಿನಲ್ಲೂ ಇದೇ ಆಗುತ್ತದೆ. ಪಕ್ಕದ ತುಕಡಿಗೆ ಆದದ್ದು ತನಗೇ ಆದಂತೆ, 1965ರ ಘಟನೆ 1971ರಲ್ಲಿ ನಡೆದಂತೆ ಮಾತು ಹರಿಯುತ್ತದೆ. ಅದು ಸುಳ್ಳಲ್ಲ. ನಾವು ಬಿಡಿಸಿ ನೋಡಬೇಕಾದ ಗಂಟು.

ಗಂಟು ಬಿಡಿಸಲು ಮೊದಲ ಆಸರೆ ಡಿಸ್ಚಾರ್ಜ್ ಬುಕ್, ಸೇವೆಯಿಂದ ಬಿಡುಗಡೆಯಾಗುವಾಗ ಸೈನ್ಯ ಕೊಡುವ ಪುಸ್ತಕ. ಸಾಮಾನ್ಯವಾಗಿ ಪಿಂಚಣಿ ಕಾಗದಗಳ ಜೊತೆ ಟ್ರಂಕಿನಲ್ಲಿರುತ್ತದೆ. ಸೇವಾ ಸಂಖ್ಯೆ, ಭರ್ತಿಯಾದ ಮತ್ತು ಬಿಡುಗಡೆಯಾದ ದಿನ, ರೆಜಿಮೆಂಟ್, ಹುದ್ದೆ, ಪದಕಗಳು ಅದರಲ್ಲಿರುತ್ತವೆ. ಕಿಟಕಿಯ ಬಳಿ, ನೇರ ಬಿಸಿಲು ಬೀಳದ ಕಡೆ ಇಟ್ಟು ಫ್ಲ್ಯಾಶ್ ಇಲ್ಲದೆ ಫೋಟೋ ತೆಗೆಯಿರಿ. ಸ್ಕ್ಯಾನರ್ ಇದ್ದರೆ ಬರಹಕ್ಕೆ 300 ಡಿಪಿಐ, ಹಳೆಯ ಫೋಟೋಗಳಿಗೆ 600. ನಮ್ಮ ಕಡೆಯ ಮಳೆಗಾಲದಲ್ಲಿ ಕಾಗದಕ್ಕೆ ಬೂಷ್ಟು ಹಿಡಿಯುತ್ತದೆಂದು ಮನೆಯವರು ಲ್ಯಾಮಿನೇಶನ್ ಮಾಡಿಸಲು ಹೊರಟರೆ ತಡೆಯಿರಿ. ಬಿಸಿಗೆ ಅಂಟಿದ ಪ್ಲಾಸ್ಟಿಕ್ಕನ್ನು ಕಾಗದ ಹಾಳಾಗದಂತೆ ಬಿಡಿಸಲಾಗುವುದಿಲ್ಲ, ಒಳಗಿನ ತೇವವೂ ಅಲ್ಲೇ ಉಳಿಯುತ್ತದೆ.

ಎರಡನೆಯ ಆಸರೆ ಪದಕ. ಎದುರಿನ ಚಿತ್ರ ನೋಡಿ ಬಿಟ್ಟುಬಿಡುತ್ತೇವೆ, ಆದರೆ ಓದಬೇಕಾದ್ದು ಅಂಚನ್ನು. ಸೇವಾ ಸಂಖ್ಯೆ, ಹುದ್ದೆ, ಹೆಸರು, ದಳ ಅಲ್ಲಿ ಸಣ್ಣ ಅಕ್ಷರದಲ್ಲಿ ಒತ್ತಿರುತ್ತಾರೆ. ಮೊಬೈಲ್ ಟಾರ್ಚನ್ನು ನೇರವಾಗಿ ಹಿಡಿದರೆ ಲೋಹ ಹೊಳೆದು ಏನೂ ಕಾಣುವುದಿಲ್ಲ. ಪಕ್ಕದಿಂದ ಓರೆಯಾಗಿ ಹಿಡಿದರೆ ಅಕ್ಷರದ ತಗ್ಗಿನಲ್ಲಿ ನೆರಳು ನಿಂತು ಓದಲು ಬರುತ್ತದೆ. ಹಬ್ಬಕ್ಕೆ ಹಿತ್ತಾಳೆ ಪಾತ್ರೆ ತಿಕ್ಕುವಾಗ ಪದಕವನ್ನೂ ಹುಣಸೆಹುಳಿ ಹಾಕಿ ತಿಕ್ಕುವ ಮನೆಗಳಿವೆ. ಹಾಗೆ ತಿಕ್ಕಿ ತಿಕ್ಕಿ ಅಂಚಿನ ಅಕ್ಷರ ಸವೆದರೆ ಆ ಪದಕ ಯಾರದ್ದೆಂದು ಹೇಳುವ ಗುರುತೇ ಹೋಯಿತು. ಯಾವ ಪದಕ ಎಂಬುದೂ ಮುಖ್ಯ. 1971ರ ಸಂಗ್ರಾಮ್ ಮೆಡಲ್ ತುಂಬ ಜನರಿಗೆ ಸಿಕ್ಕಿದೆ. ಪೂರ್ವಿ ಸ್ಟಾರ್ ಇದ್ದರೆ ಪೂರ್ವದ ರಣರಂಗ, ಪಶ್ಚಿಮಿ ಸ್ಟಾರ್ ಇದ್ದರೆ ಪಶ್ಚಿಮದ್ದು. 1965ಕ್ಕೂ ಹಾಗೆಯೇ: ರಕ್ಷಾ ಮೆಡಲ್ ವ್ಯಾಪಕ, ಸಮರ್ ಸೇವಾ ಸ್ಟಾರ್ ಕಾರ್ಯಾಚರಣೆಯ ಪ್ರದೇಶದಲ್ಲಿದ್ದವರಿಗೆ.

ಹಳೆಯ ಇನ್‌ಲ್ಯಾಂಡ್ ಪತ್ರಗಳು ಸಿಕ್ಕರೆ ಸುದೈವ. ಆದರೆ ಅವುಗಳಲ್ಲಿ ಊರಿನ ಹೆಸರು ಹುಡುಕಬೇಡಿ. ವಿಳಾಸ ‘56 ಎಪಿಓ’ ಅಥವಾ ‘99 ಎಪಿಓ’ ಎಂದಷ್ಟೇ ಇರುತ್ತದೆ (ಎಪಿಓ ಎಂದರೆ ಸೈನ್ಯದ ಅಂಚೆ ಕಚೇರಿ). 99 ಎಂದರೆ ಪೂರ್ವ ಭಾಗ ಎಂದು ಹೇಳಬಹುದು, ಅದಕ್ಕಿಂತ ಹೆಚ್ಚೇನೂ ಸಿಗದು. ಜಾಗ ತಿಳಿಯಬೇಕಾದರೆ ದಳದ ಹೆಸರು ಮತ್ತು ತಾರೀಕು ಎರಡೂ ಬೇಕು.

ಎರಡನೆಯ ಮಹಾಯುದ್ಧದಲ್ಲಿ ಸತ್ತವರನ್ನು ಹುಡುಕುವವರಿಗೆ ಕಾಮನ್‌ವೆಲ್ತ್ ಯುದ್ಧಸಮಾಧಿ ಆಯೋಗದ ಜಾಲತಾಣ ಉಚಿತವಾಗಿ ಸಿಗುತ್ತದೆ. ಅಲ್ಲಿ ‘ಉತ್ತರ ಕನ್ನಡ’, ‘ಕರ್ನಾಟಕ’ ಎಂದು ಹುಡುಕಿದರೆ ಕೈಗೆ ಏನೂ ಬರುವುದಿಲ್ಲ. 1956ರವರೆಗೆ ನಮ್ಮ ಜಿಲ್ಲೆ ಮುಂಬಯಿಗೆ ಸೇರಿತ್ತಲ್ಲ, ‘ನಾರ್ತ್ ಕೆನರಾ’, ‘ಬಾಂಬೆ’ ಎಂದೇ ಹುಡುಕಬೇಕು. ನಾಯ್ಕ, ನಾಯಕ, ಗಾಂವಕರ ಮುಂತಾದ ಅಡ್ಡಹೆಸರುಗಳನ್ನು ಗುಮಾಸ್ತರು ಕಿವಿಗೆ ಬಿದ್ದಂತೆ ಬರೆದಿದ್ದಾರೆ. ಎಲ್ಲ ಕಾಗುಣಿತವನ್ನೂ ಹಾಕಿ ನೋಡಿ. ರಾಷ್ಟ್ರೀಯ ಅಭಿಲೇಖಾಗಾರದ ಜಾಲತಾಣ ‘ಅಭಿಲೇಖ್ ಪಟಲ್’ನಲ್ಲಿಯೂ ಹೆಸರು ನೋಂದಾಯಿಸಿಟ್ಟುಕೊಳ್ಳಿ.

ಇನ್ನು ಮಾತುಕತೆ. ‘ಯುದ್ಧ ಹೇಗಿತ್ತು?’ ಎಂದು ಕೇಳಬೇಡಿ. ಆ ಪ್ರಶ್ನೆಗೆ ಆಗಸ್ಟ್ 15ರಂದು ಶಾಲೆಯಲ್ಲಿ ಮಾಡಿದ ಭಾಷಣವೇ ಉತ್ತರವಾಗಿ ಬರುತ್ತದೆ. ‘ಎಷ್ಟು ಜನರನ್ನು ಕೊಂದಿರಿ?’ ಎಂಬುದಂತೂ ಬಾಯಿಗೇ ಬರಬಾರದು. ಅವರ ಕೆಲಸ ಏನಿತ್ತು ಎಂದು ಕೇಳಿ. ಡ್ರೈವರ್ ಆಗಿದ್ದರೆ ರಾತ್ರಿ ದೀಪವಿಲ್ಲದೆ ಗಾಡಿ ಹೇಗೆ ಓಡಿಸಿದಿರಿ, ಸಿಗ್ನಲ್‌ನವರಾಗಿದ್ದರೆ ತಂತಿ ಹರಿದರೆ ಯಾರು ಹೋಗುತ್ತಿದ್ದರು, ಅಡುಗೆಯವರಾಗಿದ್ದರೆ ಹೊಗೆ ಕಾಣದಂತೆ ಒಲೆ ಹೇಗೆ ಹೂಡುತ್ತಿದ್ದಿರಿ.

ರಾಣೆಯವರ ಸಾಹಸ ನಮಗೆ ತಿಳಿದಿರುವುದೂ ಕೆಲಸದ ವಿವರವಾಗಿಯೇ. 1948ರ ಏಪ್ರಿಲ್ 8ರಿಂದ 11ರವರೆಗೆ ಜಮ್ಮು–ಕಾಶ್ಮೀರದ ನೌಶೇರಾ–ರಜೌರಿ ರಸ್ತೆಯಲ್ಲಿ ಮೈನ್ (ನೆಲದಲ್ಲಿ ಹೂತ ಬಾಂಬ್), ಅಡೆತಡೆ ತೆಗೆದು ಟ್ಯಾಂಕುಗಳಿಗೆ ದಾರಿ ಬಿಡಿಸುವುದು ಅವರ ಹೊಣೆ. ಮೊದಲ ದಿನವೇ ಮಾರ್ಟರ್ ದಾಳಿಗೆ ಅವರ ತಂಡದ ಇಬ್ಬರು ಸತ್ತರು, ರಾಣೆಯವರೂ ಸೇರಿ ಐವರಿಗೆ ಗಾಯ. ಟ್ಯಾಂಕಿನಡಿ ತೆವಳುತ್ತ, ಚಾಲಕನಿಗೆ ಹಗ್ಗ ಎಳೆದು ಸಂಕೇತ ಕೊಡುತ್ತ ಮುಂದೆ ಸಾಗಿದರು. ರಾಣೆಯವರದೇ ಎಂಜಿನಿಯರ್ ದಳವಾದ ಬಾಂಬೆ ಸ್ಯಾಪರ್ಸ್‌ನಲ್ಲಿದ್ದವರು ನಿಮಗೆ ಸಿಕ್ಕರೆ ಮೈನ್ ಹುಡುಕುವುದನ್ನು ಕೈಯಲ್ಲೇ ತೋರಿಸಲು ಹೇಳಿ. ಚುಚ್ಚುವ ಸಲಾಕೆಯನ್ನು ನೆಟ್ಟಗೆ ಇಳಿಸುವುದಿಲ್ಲ, ನೆಲಕ್ಕೆ ಸುಮಾರು 30 ಡಿಗ್ರಿ ಓರೆಯಾಗಿ ಮೆಲ್ಲಗೆ ತೂರಿಸುತ್ತಾರೆ. ಮೈನ್ ಸಿಡಿಯುವುದು ಮೇಲಿನ ಒತ್ತಡಕ್ಕೆ, ಓರೆಯಾಗಿ ಹೋದ ಮೊನೆ ಅದರ ಪಕ್ಕಕ್ಕೆ ತಾಗುತ್ತದೆ. ಈ ಕೆಲಸ ಮಾಡಿದವರು ಬಾಯಲ್ಲಿ ಹೇಳುವುದಕ್ಕಿಂತ ಕೈಯಲ್ಲಿ ಹೆಚ್ಚು ಹೇಳುತ್ತಾರೆ, ಆದ್ದರಿಂದ ಒಪ್ಪಿದರೆ ವಿಡಿಯೋ ಮಾಡಿ.

ತಾರೀಕು ನೆನಪಿಲ್ಲ ಎಂದರೆ ಹಬ್ಬ ಹಿಡಿದು ಕೇಳಿ. 1962ರ ದೀಪಾವಳಿ ಚೀನಾ ಯುದ್ಧದ ನಡುವೆಯೇ ಬಂತು. ಮನೆಯ ಹೆಂಗಸರನ್ನೂ ಕೂರಿಸಿ ಕೇಳಿ: ಮನಿಯಾರ್ಡರ್ ಯಾವ ತಿಂಗಳು ನಿಂತಿತು, ಟೆಲಿಗ್ರಾಂ ತಂದವರು ಯಾರು, ಓದಿ ಹೇಳಿದವರು ಯಾರು. ಸೈನ್ಯದಲ್ಲಿ ಇರದವರ ನೆನಪೂ ದಾಖಲೆಯೇ. ಗೋವಾ ವಿಮೋಚನೆಯ ಕಾರ್ಯಾಚರಣೆಯಲ್ಲಿ, 1961ರ ಡಿಸೆಂಬರ್ 18ರಂದು ತ್ರಿಶೂಲ್ ಹಡಗಿನ ನಾವಿಕರು ಅಂಜುದೀವ್‌ನಲ್ಲಿ ಇಳಿದಾಗ ಏಳು ಮಂದಿ ಸತ್ತರು. ಆ ದಿನ ದಡದ ಮೇಲಿದ್ದ ಮೀನುಗಾರರ ಮಾತು ಯಾವ ಕಡತದಲ್ಲೂ ಸಿಗುವಂಥದ್ದಲ್ಲ. ಇನ್ನು 1987ರಿಂದ 1990ರವರೆಗೆ ಭಾರತದ ಶಾಂತಿಪಾಲನಾ ಪಡೆಯಲ್ಲಿ ಶ್ರೀಲಂಕಾದಲ್ಲಿದ್ದವರನ್ನು ಕೇಳುವವರೇ ಕಡಿಮೆ. ಅವರ ನೆನಪು ಇನ್ನೂ ಹಸಿಯಾಗಿದೆ.

ರೆಕಾರ್ಡಿಂಗ್ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೇಡ. ತಗಡಿನ ಮಾಡಿನ ಮೇಲೆ ಮಳೆ ಬಿದ್ದರೆ ಮಾತೆಲ್ಲ ಮುಳುಗಿಹೋಗುತ್ತದೆ. ಉಳಿದ ದಿನಗಳಲ್ಲಿ ಫ್ಯಾನೇ ಶತ್ರು, ಸೆಕೆಯಾದರೂ ಆರಿಸಲೇಬೇಕು. ಕಾಲರ್ ಮೈಕನ್ನು ಗದ್ದದಿಂದ ಒಂದು ಗೇಣು ಕೆಳಗೆ ಸಿಕ್ಕಿಸಿ, ಫೋನನ್ನು ಏರೋಪ್ಲೇನ್ ಮೋಡ್‌ನಲ್ಲಿಡಿ. 48 ಕಿಲೋಹರ್ಟ್ಸ್, 16 ಬಿಟ್, ಮೊನೊ ವೇವ್ ಕಡತಕ್ಕೆ ಗಂಟೆಗೆ ಸುಮಾರು 345 ಎಂಬಿ ಜಾಗ ಬೇಕು. ಒಂದೂವರೆ ಗಂಟೆ ದಾಟಿಸಬೇಡಿ. ಮಾತು ನಡುವೆ ನಿಂತರೆ ಮುಂದಿನ ಪ್ರಶ್ನೆ ಹಾಕಲು ಅವಸರ ಮಾಡಬೇಡಿ. ಕಣ್ಣು ತುಂಬಿದರೆ ರೆಕಾರ್ಡಿಂಗ್ ನಿಲ್ಲಿಸಿ, ಮುಂದುವರಿಸುವುದೋ ಬೇಡವೋ ಅವರೇ ಹೇಳಲಿ. ನೌಕಾನೆಲೆಯ ಒಳಗಿನ ವಿವರ, ಈಗಿನ ಹಡಗುಗಳ ವಿಷಯ ಬಂದರೆ ಕೇಳಲೂಬಾರದು, ಬರೆಯಲೂಬಾರದು. ನಿವೃತ್ತರಾದವರಿಗೂ ಅಧಿಕೃತ ರಹಸ್ಯ ಕಾಯ್ದೆ ಅನ್ವಯಿಸುತ್ತದೆ.

ಬರಹಕ್ಕಿಳಿಸುವಾಗ ಅವರ ಭಾಷೆಯನ್ನು ತಿದ್ದಬೇಡಿ. ಮನೆಯ ಮಾತು ಕೊಂಕಣಿ, ನಮ್ಮೊಂದಿಗೆ ಕನ್ನಡ, ಆಜ್ಞೆ ನೆನಪಾದಾಗ ಫೌಜಿನ ಹಿಂದಿ. ಮೂರನ್ನೂ ಆಡಿದ ಹಾಗೆಯೇ ಬರೆಯಿರಿ. ಒಂದು ಗಂಟೆಯ ಮಾತಿಗೆ ಐದಾರು ಗಂಟೆ ಹಿಡಿಯುತ್ತದೆ, ಆದ್ದರಿಂದ ತರಗತಿ ಮುಗಿದ ಮೇಲೆ ದಿನಕ್ಕೆ ಹತ್ತು ನಿಮಿಷದ ಧ್ವನಿಯಷ್ಟೇ ಇಟ್ಟುಕೊಂಡರೆ ಬೇಸರ ಬರುವುದಿಲ್ಲ. ಮುಗಿದ ಪ್ರತಿಯನ್ನು ದೊಡ್ಡ ಅಕ್ಷರದಲ್ಲಿ ಮುದ್ರಿಸಿ ಅವರ ಕೈಗೇ ಕೊಡಿ. ಯಾವ ಸಾಲು ತೆಗೆಯಲು ಹೇಳುತ್ತಾರೋ ಆ ಸಾಲು ತೆಗೆದ ಮೇಲೆಯೇ ಒಪ್ಪಿಗೆಯ ಸಹಿ ಕೇಳಿ.