ನೀರಿಗೊಂದು ಓಟು

ರಾಟರ್‌ಡ್ಯಾಮಿನಲ್ಲಿ ನಾವಿರುವ ಅಲೆಕ್ಸಾಂಡರ್ ಪೋಲ್ಡರ್ (ಕಟ್ಟೆ ಕಟ್ಟಿ, ನೀರನ್ನು ಪಂಪಿನಿಂದ ಹೊರಹಾಕಿ ಒಣಗಿಸಿದ ನೆಲ) ಸಮುದ್ರಮಟ್ಟಕ್ಕಿಂತ 5-6 ಮೀಟರ್ ಕೆಳಗಿದೆ. ಬಂದ ಹೊಸದರಲ್ಲಿ ಇದನ್ನು ಕೇಳಿ ನಿದ್ದೆ ಹತ್ತಿರಲಿಲ್ಲ. ಆಮೇಲೆ ಮರೆತೇಹೋಗಿತ್ತು. ಮೊನ್ನೆ ಬಡಾವಣೆಯ ಸಮುದಾಯ ಭವನದಲ್ಲಿ ಹವಾಮಾನ ಬದಲಾವಣೆಯ ಸಾಕ್ಷ್ಯಚಿತ್ರ ಹಾಕಿ ಮತ್ತೆ ನೆನಪಿಸಿದರು. ಕಾಫಿ, ತಲೆಗೊಂದು ಬಿಸ್ಕತ್ತು. (ಎರಡನೆಯದಕ್ಕೆ ಕೈ ಚಾಚುವಷ್ಟರಲ್ಲಿ ಡಬ್ಬಿ ಮುಚ್ಚಿರುತ್ತದೆ, ಇಲ್ಲಿನ ಪದ್ಧತಿ.)

ಚಿತ್ರದ ತುಂಬ ಮಾಸ್ಲಾಂಟ್ ತಡೆಗೇಟು, ಉಕ್ಕಿದ ಕಡಲು ಊರಿಗೆ ನುಗ್ಗದಂತೆ ನದಿಗೆ ಅಡ್ಡ ಮುಚ್ಚುವ ಬಾಗಿಲು. 1997ರಲ್ಲಿ ಕಟ್ಟಿ ಮುಗಿಸಿದ್ದು, ಒಂದೊಂದು ಬಾಗಿಲೂ 210 ಮೀಟರ್ ಉದ್ದ. ನೀರು ಸಮುದ್ರಮಟ್ಟಕ್ಕಿಂತ 3 ಮೀಟರ್ ಮೇಲೇರುವ ಮುನ್ಸೂಚನೆ ಬಂದರೆ ತಾನೇ ಮುಚ್ಚಿಕೊಳ್ಳುತ್ತದೆ. ಕಡಲು ಏರುತ್ತ ಹೋದರೆ ಪದೇಪದೇ ಮುಚ್ಚಬೇಕು. ಆಗ ಹಡಗು ಒಳಗೆ ಬರದು, ನದಿಯ ನೀರು ಹೊರಗೆ ಹೋಗದು.

ಚರ್ಚೆಯಲ್ಲಿ ಮೊದಲು ಎದ್ದದ್ದು ಇಲ್ಲಿನ ಜೀಲ್ಯಾಂಡ್ ಪ್ರಾಂತ್ಯದ ಒಬ್ಬ ಅಜ್ಜಿ. 1953ರ ಜನವರಿ 31ರ ರಾತ್ರಿ ಕಡಲು ಉಕ್ಕಿ ಕಟ್ಟೆಗಳು ಒಡೆದು ಈ ದೇಶದಲ್ಲಿ 1,836 ಜನ ಸತ್ತಿದ್ದರು, ಆಗ ಆಕೆಗೆ ಆರು ವರ್ಷ. ಅಟ್ಟದ ಮೇಲೆ ಎರಡು ರಾತ್ರಿ ಕಳೆದವರು. "ಸಿನಿಮಾದಲ್ಲಿ ಸಂಗೀತ ಜಾಸ್ತಿಯಾಯಿತು" ಎಂದಷ್ಟೇ ಹೇಳಿ ಕೂತರು.

ಹವಾಮಾನ ಬದಲಾವಣೆ ನಿಜವೋ ಸುಳ್ಳೋ ಎಂಬ ಜಗಳ ನಡೆಯುತ್ತದೆ ಅಂದುಕೊಂಡಿದ್ದೆ. ನಡೆದದ್ದು ಕಾಲುವೆಯ ನೀರಿನ ಮಟ್ಟದ ಜಗಳ. ಹಸು ಮೇಯಲು ಒಣ ನೆಲ ಬೇಕು, ಪಂಪು ನಿಲ್ಲಿಸಬೇಡಿ ಎಂದ ಒಬ್ಬ ರೈತ. ನೀರು ಬಸಿದಷ್ಟೂ ಜವುಗು ಮಣ್ಣು ಗಾಳಿಗೆ ಕೊಳೆತು ಕುಸಿಯುತ್ತದೆ, ಇಂಗಾಲದ ಡೈಆಕ್ಸೈಡನ್ನೂ ಬಿಡುತ್ತದೆ ಎಂದಳು ಒಬ್ಬ ಹುಡುಗಿ. ಇದನ್ನು ತೀರ್ಮಾನಿಸುವುದು ವಾಟರ್‌ಸ್ಖಾಪ್ ಎಂಬ ಚುನಾಯಿತ ನೀರಿನ ಮಂಡಳಿ. 13ನೇ ಶತಮಾನದಿಂದ ನಡೆದುಬಂದ ವ್ಯವಸ್ಥೆ, ತೆರಿಗೆಯನ್ನೂ ಅದೇ ಹಾಕುತ್ತದೆ. ಭಾರತದ ಪಾಸ್‌ಪೋರ್ಟಿನ ನನಗೆ ಇಲ್ಲಿನ ಸಂಸತ್ತಿಗೆ ಓಟಿಲ್ಲ, ಆದರೆ ನೀರಿಗಿದೆ! 2023ರ ಮಾರ್ಚಿನಲ್ಲಿ ಆ ಚೀಟಿ ಬಂದಾಗ ಜಾಹೀರಾತೆಂದು ಎಸೆದಿದ್ದೆ. ಇದನ್ನು ಸಭೆಯಲ್ಲಿ ಹೇಳಲಿಲ್ಲ.

ಕೊನೆಗೆ ಅಜ್ಜಿ ನನ್ನ ಕಡೆ ತಿರುಗಿ, ನಿಮ್ಮಲ್ಲಿ ನೀರು ನೋಡಿಕೊಳ್ಳುವವರು ಯಾರು ಎಂದರು. ನೀರುಗಂಟಿಯ ಬಗ್ಗೆ ಹೇಳಿದೆ. ಕೆರೆಯ ತೂಬು ಎತ್ತುವವನು, ಯಾರ ಗದ್ದೆಗೆ ಎಷ್ಟು ಹೊತ್ತು ಎಂದು ನೋಡಿಕೊಳ್ಳುವವನು, ಸುಗ್ಗಿಯಲ್ಲಿ ಕಣಕ್ಕೆ ಬಂದು ತನ್ನ ಪಾಲಿನ ಕಾಳು ಅಳೆಸಿಕೊಳ್ಳುವವನು.

"ಈಗೆಲ್ಲಿದ್ದಾನೆ?"

ಬೋರ್‌ವೆಲ್ ಬಂತು, ಎಂದೆ. ಅದಕ್ಕಿಂತ ಹೆಚ್ಚು ಹೇಳುವಷ್ಟು ಡಚ್ ನನಗೆ ಬರುವುದಿಲ್ಲ.