ಕರಿಹಲಗೆಗೆ ಹಚ್ಚಿದ ಮೇಣ

ಮೇಣ, ಪಾಲಿಮರ್ (ಉದ್ದ ಸರಪಳಿಯಂಥ ಅಣುಗಳ ವಸ್ತು) ಮತ್ತು ಅಂಟುಗಳ ಉದ್ಯಮದಲ್ಲಿ ಮೂವತ್ತೆಂಟು ವರ್ಷ ಕಳೆದವನು ಈಗಿನ ವಿದ್ಯಾರ್ಥಿಗಳಿಗೆ ಉಪಯೋಗವಾಗುವಂತೆ ಏನಾದರೂ ಬರೆದುಕೊಡಬೇಕೆಂದು ಈ ಪತ್ರಿಕೆಯ ಸಂಪಾದಕ ಮಂಡಳಿಯವರು ಕೇಳಿದ್ದರು. ಎರಡು ಪುಟ ಬರೆದೂ ಇಟ್ಟಿದ್ದೆ. ಆ ವಾರವೇ ನಮ್ಮ ರಸಾಯನಶಾಸ್ತ್ರದ ಮೇಷ್ಟರು ತೀರಿಕೊಂಡ ಸುದ್ದಿ ಬಂತು. ಬರೆದದ್ದನ್ನು ಮತ್ತೆ ತೆಗೆದು ಓದಿದಾಗ, ಅದರಲ್ಲಿ ನನ್ನದೆಂದು ಹೇಳಿಕೊಳ್ಳಬಹುದಾದ ಮಾತು ಕಾಲು ಪಾಲೂ ಇಲ್ಲವೆಂದೂ ಉಳಿದದ್ದೆಲ್ಲ ಅವರಿಂದ ಕಡ ತಂದದ್ದೆಂದೂ ಕಂಡಿತು. ಆ ಪುಟಗಳನ್ನು ಬದಿಗಿಟ್ಟು ಇದನ್ನು ಬರೆಯುತ್ತಿದ್ದೇನೆ.

ಬೆನ್ನ ಹಿಂದೆ ನಾವು ಅವರನ್ನು 'ತೊಳಿ ಮೇಷ್ಟರು' ಎಂದು ಕರೆಯುತ್ತಿದ್ದೆವು. ಪ್ರಯೋಗಾಲಯದಲ್ಲಿ ಯಾರು ಯಾವ ಪ್ರಶ್ನೆಯನ್ನು ಎತ್ತಿಕೊಂಡು ಅವರ ಬಳಿ ಹೋದರೂ ಅವರ ಮೊದಲ ಉತ್ತರ "ಮೊದಲು ತೊಳಿ" ಎಂಬುದೇ ಆಗಿರುತ್ತಿತ್ತು. ಒತ್ತರ (ದ್ರಾವಣದಲ್ಲಿ ತಳಕ್ಕಿಳಿಯುವ ಗಸಿ) ಬಣ್ಣಗೆಟ್ಟಿದೆ ಎಂದರೆ ಪ್ರನಾಳವನ್ನು ತೊಳೆಯಬೇಕು. ದ್ರವ ಅಳೆಯುವ ಗಾಜಿನ ಕೊಳವೆಯಾದ ಬ್ಯುರೆಟ್ಟಿನ ಅಳತೆ ಹೊಂದುತ್ತಿಲ್ಲ ಎಂದರೆ ಬ್ಯುರೆಟ್ಟನ್ನು ತೊಳೆಯಬೇಕು. ತೊಳೆದಿದ್ದೇನೆ ಸರ್ ಎಂದರೆ ಗಾಜಿನ ಒಳಮೈಯನ್ನು ಬೆಳಕಿಗೆ ಹಿಡಿದು, ನೀರು ಒಂದೇ ತೆಳುಪರದೆಯಾಗಿ ಇಳಿಯುತ್ತಿದೆಯೋ ಅಲ್ಲಲ್ಲಿ ಹನಿಗಟ್ಟಿ ನಿಲ್ಲುತ್ತಿದೆಯೋ ನೋಡುತ್ತಿದ್ದರು. ಹನಿ ನಿಂತರೆ ಜಿಡ್ಡು ಇದೆ ಎಂದರ್ಥ, ಮತ್ತೆ ತೊಳೆಯಬೇಕು. ಇಷ್ಟನ್ನೇ ಹೇಳಲು ಒಬ್ಬ ಅಧ್ಯಾಪಕರು ಬೇಕೆ ಎಂದು ನಮಗೆ ಆಗ ಅನ್ನಿಸುತ್ತಿತ್ತು. ಪಠ್ಯಪುಸ್ತಕದಲ್ಲಿ ಏನಿತ್ತೋ ಈಗ ನನಗೆ ಒಂದು ಅಧ್ಯಾಯವೂ ನೆನಪಿಲ್ಲ, ಆ ಹನಿ ಮಾತ್ರ ನೆನಪಿದೆ.

ಪ್ರಯೋಗಾಲಯದ ಅಟೆಂಡರ್ ಇನ್ನೊಬ್ಬರು. ಅವರನ್ನು ಅಧ್ಯಾಪಕರೆಂದು ಯಾವ ದಾಖಲೆಯೂ ಹೇಳುವುದಿಲ್ಲವಾದರೂ ನಾನು ಮೇಣವನ್ನು ಮೊದಲು ಕಲಿತದ್ದು ಅವರ ಕೈ ನೋಡಿ. ವರ್ಷಕ್ಕೊಮ್ಮೆ ಅವರು ರಾಸಾಯನಿಕಗಳ ಸೀಸೆಗಳನ್ನೆಲ್ಲ ಮೇಜಿನ ಮೇಲೆ ಸಾಲಾಗಿ ಇಟ್ಟು, ಹೊಸ ಚೀಟಿಗಳನ್ನು ಅಂಟಿಸಿ, ಬಿಸಿನೀರಿನ ಮೇಲೆ ಕರಗಿಸಿದ ಪ್ಯಾರಾಫಿನ್ ಮೇಣವನ್ನು ಕುಂಚದಿಂದ ಪ್ರತಿ ಚೀಟಿಯ ಮೇಲೂ, ಅಂಚನ್ನು ದಾಟಿ ಗಾಜಿಗೆ ಎರಡು ಕೂದಲೆಳೆಯಷ್ಟು ತಾಗುವಂತೆ, ಒಂದೇ ಸಲಕ್ಕೆ ಎಳೆಯುತ್ತಿದ್ದರು. ಆ ಚೀಟಿಗಳ ಮೇಲೆ ಆಮ್ಲ ಸೋರಿದರೂ ಅಕ್ಷರ ಅಳಿಸುತ್ತಿರಲಿಲ್ಲ. ಕುಂಚವನ್ನು ಎರಡನೆಯ ಸಲ ಏಕೆ ಆಡಿಸಬಾರದು ಎಂದು ನಾನು ಕೇಳಿದ್ದಕ್ಕೆ, "ಮೊದಲನೆಯದು ಆರಿರುತ್ತದಪ್ಪ, ಎರಡನೆಯದು ಅದರ ಮೇಲೆ ಸಿಪ್ಪೆಯಾಗಿ ನಿಲ್ಲುತ್ತದೆ" ಎಂದಿದ್ದರು. ಆರಿದ ಪದರಕ್ಕೆ ಮುಂದಿನ ಪದರ ಬೆರೆಯದೆ ಸುಲಿದು ಬರುವ ಈ ತೊಂದರೆಯ ಮೇಲೆ ನಾನು ಮುಂದೆ ಎಷ್ಟೋ ವರದಿಗಳನ್ನು ಬರೆದಿದ್ದೇನೆ. ಅವುಗಳಲ್ಲಿ ಒಂದೂ ಆ ವಾಕ್ಯದಷ್ಟು ಚೊಕ್ಕವಾಗಿಲ್ಲ.

ಇನ್ನು ಕರಿಹಲಗೆಯ ಪ್ರಸಂಗ. ಕಿರುಪರೀಕ್ಷೆಯೊಂದನ್ನು ತಪ್ಪಿಸುವ ಸಲುವಾಗಿ ನಾವು ಮೂವರು ಬೆಳಗ್ಗೆ ಬೇಗ ಬಂದು, ಮೇಣದ ಬತ್ತಿಯನ್ನು ಕರಿಹಲಗೆಯ ಉದ್ದಗಲಕ್ಕೂ ಉಜ್ಜಿದೆವು. ಮೂರನೆಯವನು ಯಾರೆಂದು ಅವನ ಮೊಮ್ಮಕ್ಕಳ ಮರ್ಯಾದೆಗಾಗಿ ಹೇಳುವುದಿಲ್ಲ. ಪ್ರಶ್ನೆ ಬರೆಯಲು ಮೇಷ್ಟರು ಸೀಮೆಸುಣ್ಣ ಎತ್ತಿದರು, ಅದು ಜಾರಿತು. ಒತ್ತಿ ಬರೆದರು, ಮುರಿಯಿತು. ತರಗತಿಯಲ್ಲಿ ಯಾರೂ ನಗಲಿಲ್ಲ, ನಗದಿದ್ದದ್ದೇ ನಮ್ಮನ್ನು ಹಿಡಿದುಕೊಟ್ಟಿತೆಂದು ಕಾಣುತ್ತದೆ. ಅವರು ಬೆರಳನ್ನು ಹಲಗೆಯ ಮೇಲೆ ಎಳೆದು, ಮೂಸಿ ನೋಡಿ, ಕುಡಿಯುವ ನೀರಿನ ಲೋಟದಲ್ಲಿ ಬೆರಳದ್ದಿ ಹಲಗೆಗೆ ಚಿಮುಕಿಸಿದರು. ಹನಿಗಳು ಹರಡದೆ ಮುತ್ತಿನಂತೆ ಉಂಡೆಯಾಗಿ ಉರುಳಿದವು. ಹಲಗೆಯ ಮೂಲೆಯಲ್ಲಿ, ನಾವು ಉಜ್ಜದೆ ಬಿಟ್ಟಿದ್ದ ಅಂಗೈಯಗಲದ ಜಾಗದಲ್ಲಿ, ಅದೇ ನೀರು ಹರಡಿ ಕಪ್ಪಾಯಿತು.

"ಏನು ಕಾಣುತ್ತಿದೆ?" ಎಂದು ಕೇಳಿದರು. ಯಾರೂ ಉತ್ತರಿಸದಿದ್ದಾಗ ಅವರೇ ಹೇಳಿದರು. ನೀರಿನ ಅಣುಗಳು ಒಂದನ್ನೊಂದು ಸೆಳೆಯುವ ಬಲ ದೊಡ್ಡದು, ಮೇಣ ಅವುಗಳನ್ನು ಸೆಳೆಯುವ ಬಲ ತೀರ ಸಣ್ಣದು. ಆದ್ದರಿಂದ ನೀರು ಮೇಣವನ್ನು ಮುಟ್ಟಲು ಮನಸ್ಸಿಲ್ಲದೆ ತನ್ನೊಳಗೆ ತಾನೇ ಮುದುಡಿಕೊಳ್ಳುತ್ತದೆ. ಹನಿಯ ಅಂಚು ಮೈಯೊಡನೆ ಮಾಡುವ ಕೋನವನ್ನು, ಅಂದರೆ ಸಂಪರ್ಕ ಕೋನವನ್ನು, ಅಳೆದರೆ ಆ ಮೈಯ ಸ್ವಭಾವ ತಿಳಿಯುತ್ತದೆಂದು 1805ರಲ್ಲಿಯೇ ಇಂಗ್ಲೆಂಡಿನ ವಿಜ್ಞಾನಿ ಥಾಮಸ್ ಯಂಗ್ ತೋರಿಸಿದ್ದರು. ಪ್ಯಾರಾಫಿನ್ ಮೇಲೆ ಆ ಕೋನ ಲಂಬಕೋನವನ್ನೂ ದಾಟಿ 105 ಡಿಗ್ರಿಯ ಮೇಲೆ ಹೋಗುತ್ತದೆ. ಇಷ್ಟು ಹೇಳಿ, "ಈಗ ಯಾರು ಹಚ್ಚಿದರೋ ಅವರೇ ತೊಳೆಯಿರಿ" ಎಂದು ಕುರ್ಚಿಯಲ್ಲಿ ಕುಳಿತರು.

ಆ ಶಿಕ್ಷೆ ನಾಲ್ಕು ದಿನ ನಡೆಯಿತು. ನೀರಿನಿಂದ ಆಗಲಿಲ್ಲ, ಸಾಬೂನಿನಿಂದ ಆಗಲಿಲ್ಲ. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದಾಗ ಮೇಣ ಕರಗಿತು, ಆದರೆ ಕರಗಿದ್ದು ಮರದ ಸಂದುಗಳಿಗೆಲ್ಲ ತೆಳ್ಳಗೆ ಇಳಿದು ಮೊದಲು ಬರೆಯಲು ಬರುತ್ತಿದ್ದ ಮೂಲೆಯನ್ನೂ ಕೆಡಿಸಿತು. ಕೊನೆಗೆ ಅಟೆಂಡರ್ ಹಳೆಯ ಕಾಗದವನ್ನು ಹಲಗೆಯ ಮೇಲೆ ಹಿಡಿದು ಅದರ ಮೇಲೆ ಬಿಸಿ ಇಸ್ತ್ರಿಪೆಟ್ಟಿಗೆಯನ್ನು ಒತ್ತಿ ತೋರಿಸಿದರು. ಮೇಣ ಕರಗಿ ಕಾಗದಕ್ಕೆ ಏರಿತು. ನಾಲ್ಕೂ ದಿನ ಮೇಷ್ಟರು ಬಂದು ನೀರು ಚಿಮುಕಿಸಿ ಹನಿಯನ್ನು ನೋಡಿ ಹೋಗುತ್ತಿದ್ದರು. ಬೈಗುಳದ ಒಂದು ಮಾತೂ ಬರಲಿಲ್ಲ. ಪರೀಕ್ಷೆ ಮಾತ್ರ ಐದನೆಯ ದಿನ ನಡೆಯಿತು, ನಾನು ಅದರಲ್ಲಿ ಸುಮಾರಾಗಿಯೇ ಬರೆದೆ.

ಅವರ ಕೋಪವನ್ನು ನಾನು ಕಂಡದ್ದು ಬೇರೆ ಕಡೆ. ಕರಗಿಸಿದ ಮೇಣವನ್ನು ಆರಲು ಬಿಟ್ಟು ಅರ್ಧ ನಿಮಿಷಕ್ಕೊಮ್ಮೆ ಉಷ್ಣಮಾಪಕವನ್ನು ಓದಿ ನಕ್ಷೆ ಬರೆಯುವ ಪ್ರಯೋಗ ಅದು. ಅದಕ್ಕೂ ಮುಂಚೆ ನಾಫ್ತಲೀನಿನಲ್ಲಿ ಇದನ್ನೇ ಮಾಡಿದ್ದೆವು. 80 ಡಿಗ್ರಿಯ ಹತ್ತಿರ ಗೆರೆ ನೇರವಾಗಿ ಮಲಗಿತ್ತು. ಮೇಣದಲ್ಲಿ ನನ್ನ ಗೆರೆ ಎಲ್ಲಿಯೂ ಸರಿಯಾಗಿ ಮಲಗದೆ ಇಳಿಜಾರಾಗಿಯೇ ಜಾರುತ್ತಿತ್ತು. ಪ್ರಯೋಗ ಕೆಟ್ಟಿತೆಂದು ಭಾವಿಸಿ, ಐದಾರು ಅಂಕಿಗಳನ್ನು ತಿದ್ದಿ, ನಾಫ್ತಲೀನಿನದರಂತೆಯೇ ಅಂದವಾದ ಸಮತಟ್ಟನ್ನು ಎಳೆದು ಒಪ್ಪಿಸಿದೆ. ಮೇಷ್ಟರು ಅದರ ಮೇಲೆ ಬೆರಳಿಟ್ಟು, "ಇದು ಕಂಡದ್ದೋ, ಕಟ್ಟಿದ್ದೋ?" ಎಂದರು. ನಾಫ್ತಲೀನಿನಲ್ಲಿ ಎಲ್ಲ ಅಣುಗಳೂ ಒಂದೇ ಅಚ್ಚಿನವು, ಎಲ್ಲವೂ ಒಟ್ಟಿಗೆ ಗಟ್ಟಿಯಾಗುತ್ತವೆ. ಮೇಣವಾದರೋ ಸುಮಾರು 20ರಿಂದ 40 ಕಾರ್ಬನ್ ಪರಮಾಣುಗಳ ಸರಪಳಿಗಳ ಸಂತೆ, ಅದರಲ್ಲಿ ಉದ್ದನೆಯವು ಮೊದಲು ಸಾಲುಗಟ್ಟಿ ಕೂರುತ್ತವೆ, ಗಿಡ್ಡನೆಯವು ಇನ್ನೂ ಓಡಾಡುತ್ತಿರುತ್ತವೆ. ಗೆರೆ ಜಾರಿದ್ದೇ ಸತ್ಯವಾಗಿತ್ತು. ಅವರು ಆ ಹಾಳೆಯನ್ನು ಹರಿಯಲಿಲ್ಲ, ಅಂಕವನ್ನೂ ಕೊಡಲಿಲ್ಲ; ಇಡೀ ತಿಂಗಳು ನನ್ನೊಡನೆ ಮಾತನಾಡಲಿಲ್ಲ.

ಮಾತು ಮತ್ತೆ ಆರಂಭವಾದ ದಿನ ಅವರ ಒಂದು ಕೈಯಲ್ಲಿ ಮೇಣದ ಬತ್ತಿ, ಇನ್ನೊಂದರಲ್ಲಿ ಪಾಲಿಥೀನ್ ಚೀಲ ಇತ್ತು. ಇವೆರಡೂ ಅಣ್ಣತಮ್ಮಂದಿರು, ಒಂದರ ಸರಪಳಿ ಗಿಡ್ಡ, ಇನ್ನೊಂದರದು ಸಾವಿರಾರು ಕೊಂಡಿಗಳಷ್ಟು ಉದ್ದ ಎಂದರು. 1933ರಲ್ಲಿ ಇಂಗ್ಲೆಂಡಿನ ಐಸಿಐ ಎಂಬ ರಾಸಾಯನಿಕ ಕಂಪನಿಯ ಪ್ರಯೋಗಾಲಯದಲ್ಲಿ ಎಥಿಲೀನ್ ಅನಿಲವನ್ನು ಭಾರೀ ಒತ್ತಡಕ್ಕೆ ಒಳಪಡಿಸಿದ್ದಾಗ ಪಾತ್ರೆಯೊಳಗೆ ಮೇಣದಂತಹ ಬಿಳಿಯ ಪದಾರ್ಥ ಕಂಡುಬಂದಿತ್ತು. ಅದನ್ನು ತೊಳೆದು ಚೆಲ್ಲದೆ ಏನೆಂದು ಕೇಳಿದವರಿಗೆ ಪಾಲಿಥೀನ್ ಸಿಕ್ಕಿತು. ಇಷ್ಟು ಉದ್ದದ ಅಣುಗಳು ಇರಬಲ್ಲವೆಂದು ಜರ್ಮನಿಯ ರಸಾಯನಶಾಸ್ತ್ರಜ್ಞ ಹರ್ಮನ್ ಸ್ಟೌಡಿಂಗರ್ 1920ರಲ್ಲಿ ಬರೆದಾಗ ದೊಡ್ಡದೊಡ್ಡವರೇ ನಂಬಿರಲಿಲ್ಲವೆಂದೂ, ಅವರಿಗೆ ನೊಬೆಲ್ ಬಂದದ್ದು 1953ರಲ್ಲೆಂದೂ ಹೇಳಿ, ನನ್ನ ಕಡೆ ನೋಡಿ, "ಅವರ ಗೆರೆಯೂ ಜಾರುತ್ತಿತ್ತು" ಎಂದರು. ನಾನು ಪಾಲಿಮರ್ ಹಿಡಿದದ್ದು ಆ ಗಳಿಗೆಯಲ್ಲಿ.

ಉದ್ಯೋಗದ ವಿವರಗಳಿಂದ ಓದುಗರನ್ನು ಬೇಸರಪಡಿಸುವುದಿಲ್ಲ. ಮೊದಲ ಎರಡು ವರ್ಷ ನನ್ನ ಕೆಲಸವೆಂದರೆ ಮೇಣದ ಬಿಲ್ಲೆಯನ್ನು 25 ಡಿಗ್ರಿಯಲ್ಲಿ ಇಟ್ಟು, 100 ಗ್ರಾಂ ಭಾರ ಹೊತ್ತ ಸೂಜಿಯನ್ನು 5 ಸೆಕೆಂಡು ಅದರ ಮೇಲೆ ಬಿಟ್ಟು, ಅದು ಎಷ್ಟು ಆಳಕ್ಕೆ ಇಳಿಯಿತೆಂದು ಬರೆದಿಡುವುದು. ಆಮೇಲೆ ಎಪಾಕ್ಸಿ ವಿಭಾಗ; ಎಪಾಕ್ಸಿಯೆಂದರೆ ಎರಡು ಭಾಗಗಳನ್ನು ಬೆರೆಸಿದಾಗ ಶಾಖ ಬಿಡುತ್ತ ಗಟ್ಟಿಯಾಗುವ ಅಂಟು. ಅಲ್ಲಿ ಮೊದಲ ವಾರವೇ, ಸಣ್ಣ ಬಟ್ಟಲಿನಲ್ಲಿ ಅರ್ಧ ಗಂಟೆ ತಾಳುತ್ತಿದ್ದ ಮಿಶ್ರಣವನ್ನು ಒಂದು ಕಿಲೋ ಒಟ್ಟಿಗೆ ಕಲಸಿಟ್ಟು ಫೋನಿಗೆಂದು ಹೋದೆ. ಹೊರಹೋಗಲಾರದ ಶಾಖ ಒಳಗೇ ಏರಿ, ಅದು ಹೊಗೆಯಾಡಿ, ಕಲಕುವ ಕಡ್ಡಿಯ ಸಮೇತ ಕಲ್ಲಾಯಿತು. ಆ ಕಲ್ಲು ಈಗಲೂ ನನ್ನ ಮೇಜಿನ ಮೇಲಿದೆ. ನಾಲ್ಕು ಪೇಟೆಂಟುಗಳಲ್ಲಿ ನನ್ನ ಹೆಸರಿದೆ. ಅವುಗಳಲ್ಲಿ ಒಂದರಲ್ಲಿ ಅದು ಮೊದಲನೆಯದಾಗಿದೆ ಎಂಬುದನ್ನೂ ಹೇಳಿಬಿಡುತ್ತೇನೆ, ಈ ಪತ್ರಿಕೆಯಲ್ಲದೆ ಬೇರೆಲ್ಲಿ ಹೇಳಿಕೊಳ್ಳಲಿ.

ಹೇಳಲೇಬೇಕಾದದ್ದು ರಟ್ಟಿನ ಪೆಟ್ಟಿಗೆಗಳ ಕಥೆ. ನಾನು ಆಗ ಬಿಸಿಯಂಟಿನ ಮೇಲೆ ಕೆಲಸ ಮಾಡುತ್ತಿದ್ದೆ. ಸುಮಾರು ಮೂರನೆಯ ಒಂದು ಪಾಲು ಎಥಿಲೀನ್ ವಿನೈಲ್ ಅಸಿಟೇಟ್ ಪಾಲಿಮರ್, ಅಷ್ಟೇ ರಾಳ, ಉಳಿದದ್ದು ಮೇಣ. ಇದನ್ನು 160ರಿಂದ 180 ಡಿಗ್ರಿಗೆ ಕರಗಿಸಿ ಪೆಟ್ಟಿಗೆಯ ಮಡಿಕೆಯ ಮೇಲೆ ಎಳೆದು ಒತ್ತಿದರೆ ಕ್ಷಣಮಾತ್ರದಲ್ಲಿ ಹಿಡಿಯುತ್ತದೆ. ಗಿರಾಕಿಯೊಬ್ಬರ ಕಾರ್ಖಾನೆಯಲ್ಲಿ ಸಂಜೆ ಮುಚ್ಚಿದ ಪೆಟ್ಟಿಗೆಗಳು ಬೆಳಗಾಗುವಷ್ಟರಲ್ಲಿ ಬಾಯಿ ಬಿಡತೊಡಗಿದವು. ನಾನು ರಾಳ ಬದಲಿಸಿದೆ, ಪಾಲಿಮರ್ ಬದಲಿಸಿದೆ, ಮೇಣ ಹೆಚ್ಚಿಸಿದೆ, ಇಳಿಸಿದೆ, ಮೂರು ವಾರ ಕಳೆದೆ; ಹೊಸ ಅಂಟು ಬಂದ ದಿನ ಎರಡು ಗಂಟೆ ನಿಂತು ಮತ್ತೆ ಬಿಡುತ್ತಿತ್ತು. ಕೊನೆಗೆ ಬಿಟ್ಟುಕೊಂಡ ಮಡಿಕೆಯೊಂದನ್ನು ತಿರುಗಿಸಿ ನೋಡಿದೆ. ಅಂಟು ಪೂರ್ತಿ ಒಂದೇ ಬದಿಯಲ್ಲಿತ್ತು. ಇನ್ನೊಂದು ಬದಿಯಲ್ಲಿ ರಟ್ಟಿನ ಒಂದು ನಾರೂ ಕಿತ್ತಿರಲಿಲ್ಲ. ನಲ್ಲಿಯ ಕೆಳಗೆ ಬೆರಳು ಹಿಡಿದು ಒಂದು ಹನಿಯನ್ನು ಅಲ್ಲಿ ಬಿಟ್ಟೆ. ಅದು ಉಂಡೆಯಾಗಿ ನಿಂತಿತು. ರಟ್ಟು ತಯಾರಿಸುವವರು ತೇವ ತಾಗದಿರಲೆಂದು ಹೊಸದಾಗಿ ಮೇಣದ ಲೇಪ ಕೊಡತೊಡಗಿದ್ದರು, ಮಡಿಕೆಯ ಭಾಗವನ್ನೂ ಬಿಡದೆ. ಆ ಪಟ್ಟಿಯಷ್ಟನ್ನು ಲೇಪವಿಲ್ಲದೆ ಬಿಡಿರೆಂದು ಹೇಳಿದ ಮೇಲೆ ನನ್ನ ಮೊಟ್ಟಮೊದಲಿನ ಅಂಟೇ ಸರಿಹೋಯಿತು. ಅಂಟು ಕಲಿತವನು ಅಂಟನ್ನೇ ನೋಡುತ್ತಾನೆ, ಮೈಯನ್ನು ನೋಡುವುದಿಲ್ಲ. ಮೂರು ವಾರ ನಾನು ಮಾಡಿದ ತಪ್ಪು ಇದು.

ಇದನ್ನು ಹೇಳಲೆಂದೇ ಮೇಷ್ಟರ ಮನೆಗೆ ಹೋಗಿದ್ದೆ. ಅವರು ನಿವೃತ್ತರಾಗಿ ಬಹಳ ವರ್ಷಗಳಾಗಿದ್ದವು, ಕಿವಿ ಮಂದವಾಗಿತ್ತು. ಹನಿಯ ಕಥೆಗೆ ಅವರು ಹೆಚ್ಚು ಗಮನ ಕೊಡಲಿಲ್ಲ. ಅದು ಅವರಿಗೆ ಗೊತ್ತಿದ್ದದ್ದೇ. ಅವರಿಗೆ ಆಶ್ಚರ್ಯವಾದದ್ದು ಅಂಟಿನೊಳಗೆ ಮೇಣ ಹಾಕುತ್ತೇವೆಂಬುದು. ಯಾವುದಕ್ಕೂ ಅಂಟದ ವಸ್ತುವನ್ನು ಅಂಟಿನಲ್ಲಿ ಏಕೆ ಹಾಕುತ್ತೀರಿ ಎಂದು ಎರಡು ಸಲ ಕೇಳಿದರು. ಕರಗಿದ ಮೇಣ ಪಾಲಿಮರನ್ನು ತೆಳುವಾಗಿಸಿ ರಟ್ಟಿನ ನಾರುಗಳೊಳಗೆ ಹರಿಯುವಂತೆ ಮಾಡುತ್ತದೆ, ಆರಿದಾಗ ಹರಳುಗಟ್ಟಿ ಬೇಗನೆ ಬಿಗಿಯುತ್ತದೆ, ಆದರೆ ಅಳತೆ ಮೀರಿದರೆ ಮೇಲಕ್ಕೆ ತೇಲಿ ತಾನೇ ಸಡಿಲ ಪದರವಾಗಿ ಹಿಡಿತವನ್ನು ಕೆಡಿಸುತ್ತದೆ ಎಂದು ಕಿವಿಯ ಬಳಿ ಕೂಗಿ ಹೇಳಿದೆ. ಅವರು ತುಸು ಹೊತ್ತು ಯೋಚಿಸಿ, "ಅಂದು ಪುಕ್ಕಟೆ ಹಚ್ಚಿದೆ, ಈಗ ಸಂಬಳಕ್ಕೆ ಹಚ್ಚುತ್ತೀಯ" ಎಂದರು. ಹಲಗೆ ಕೆಡಿಸಿದವರಲ್ಲಿ ನಾನೊಬ್ಬನೆಂದು ಅವರಿಗೆ ಅಷ್ಟು ವರ್ಷವೂ ನೆನಪಿತ್ತು.

ಈಗಿನ ಶಿಕ್ಷಣದ ಬಗ್ಗೆ ದೂರುವುದು ವಯಸ್ಸಾದವರ ಚಾಳಿಯೆಂದು ಬಲ್ಲೆ, ಆದರೂ ಒಂದು ಮಾತು. ಸಂದರ್ಶನಕ್ಕೆ ಬರುವ ತರುಣ ರಸಾಯನಶಾಸ್ತ್ರಜ್ಞರು ನನ್ನ ಕಾಲದವರಿಗಿಂತ ಎಷ್ಟೋ ಹೆಚ್ಚು ತಿಳಿದಿರುತ್ತಾರೆ. ಅಣುವಿನ ಚಿತ್ರವನ್ನು ಪರದೆಯ ಮೇಲೆ ತಿರುಗಿಸಿ ತೋರಿಸುತ್ತಾರೆ. ಮೇಣದ ಆರುವ ಗೆರೆಯನ್ನು ಬರೆದು ತೋರಿಸಿರೆಂದರೆ ಮಾತ್ರ ಹತ್ತರಲ್ಲಿ ಎಂಟು ಮಂದಿ ನಾನು ಅಂದು ಎಳೆದ ಸುಳ್ಳು ಸಮತಟ್ಟನ್ನೇ ಎಳೆಯುತ್ತಾರೆ. ಅವರು ಅದನ್ನು ತಿದ್ದಿದ್ದಲ್ಲ, ಅಚ್ಚಾದ ಕೈಪಿಡಿಯಲ್ಲಿ ಹಾಗೆ ನೋಡಿದ್ದು. ಮೇಣ ಆರುವುದನ್ನು ಕುಳಿತು ನೋಡಲು ಅವರಿಗೆ ಯಾರೂ ಒಂದು ಗಂಟೆ ಬಿಟ್ಟಿಲ್ಲ. ತಿಂಗಳುಗಟ್ಟಲೆ ಮಾತು ಬಿಡುವಷ್ಟು ಒಬ್ಬ ಹುಡುಗನ ನಕ್ಷೆಯನ್ನು ಮನಸ್ಸಿಗೆ ಹಚ್ಚಿಕೊಳ್ಳುವ ಬಿಡುವೂ ಈಗಿನ ಅಧ್ಯಾಪಕರಿಗೆ ಇದ್ದಂತಿಲ್ಲ.

ಶ್ರದ್ಧಾಂಜಲಿ ಸಭೆಗೆ ಬಂದ ದಿನ ಹಳೆಯ ತರಗತಿಗೆ ಹೋಗಿ ನೋಡಿದೆ. ಕರಿಹಲಗೆ ಹೋಗಿ ಬಿಳಿಹಲಗೆ ಬಂದಿದೆ. ಅದರ ನುಣುಪು ಮೈಯೂ, ಜಾರುವ ಎಣ್ಣೆಯಂಶ ಬೆರೆಸಿದ ಶಾಯಿಯೂ ಬರೆದದ್ದು ಗಟ್ಟಿಯಾಗಿ ಹಿಡಿಯದಿರಲೆಂದೇ ಇರುವಂಥವು. ನಮ್ಮ ಕಿಡಿಗೇಡಿತನವನ್ನೇ ಯಾರೋ ಕಾರ್ಖಾನೆಯಲ್ಲಿ ಮಾಡಿ ಮಾರುತ್ತಿದ್ದಾರೆ ಎನ್ನಿಸಿತು. ತರುಣ ಅಧ್ಯಾಪಕಿಯೊಬ್ಬರು ಅಲ್ಲಿ ಒಂದು ಸಮೀಕರಣವನ್ನು ಬಟ್ಟೆಯಿಂದ ಉಜ್ಜುತ್ತಿದ್ದರು. ಹುಡುಗರು ಅಳಿಸಲಾಗದ ಪೆನ್ನಿನಿಂದ ಬರೆದುಬಿಟ್ಟಿದ್ದರಂತೆ, ಬೇಕೆಂದೇ. ಅವರ ಕೈಯಿಂದ ಬಿಳಿಹಲಗೆಯ ಪೆನ್ನು ತೆಗೆದುಕೊಂಡು, ಹುಡುಗರ ಅಕ್ಷರಗಳ ಮೇಲೆ ಅಷ್ಟೇ ದಪ್ಪವಾಗಿ ಮತ್ತೊಮ್ಮೆ ಬರೆದು, ಹಸಿಯಿರುವಾಗಲೇ ಒರೆಸಿದೆ. ಹೊಸ ಶಾಯಿಯ ದ್ರಾವಕ ಹಳೆಯದನ್ನು ಕರಗಿಸಿ ಎರಡೂ ಒಟ್ಟಿಗೆ ಎದ್ದುಬಂದವು. ಅವರಿಗೆ ಆಶ್ಚರ್ಯವಾದದ್ದು ಕಂಡು ನನಗೆ ಸಂತೋಷವಾಗದೆ ಇರಲಿಲ್ಲ. ಸಂಪರ್ಕ ಕೋನದ ಬಗ್ಗೆ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವರು ನನ್ನ ಬೆರಳುಗಳ ಕಡೆ ನೋಡಿದರು.

"ಎಲ್ಲ ಶಾಯಿಯಾಗಿದೆ, ಮೊದಲು ಕೈ ತೊಳೆದುಕೊಂಡುಬಿಡಿ ಸರ್" ಎಂದರು.

ತೊಟ್ಟಿ ಪ್ರಯೋಗಾಲಯದ ಹಳೆಯ ಮೂಲೆಯಲ್ಲಿಯೇ ಇತ್ತು.